ಬಿಸಿಲು ಜಾಸ್ತಿ ಅಂದರೆ ಮಳೆ ಇಲ್ಲ ಅಂತಲ್ಲ

ಪ್ರಶ್ನೆ: ಸರ್, ನಾವು ಪುಣೆಯ ಚಿಂಚವಡದಲ್ಲಿ ಹದಿನಾರು ವರ್ಷದಿಂದ ಇದ್ದೇವೆ. ತವರು ವಿಜಯಪುರದ ತಿಕೋಟಾ ಕಡೆ. ಅಣ್ಣನದು ದ್ರಾಕ್ಷಿ ತೋಟ, ಈಗ ಶೆಡ್ಡಿನಲ್ಲಿ ಮಣೂಕ (ಒಣದ್ರಾಕ್ಷಿ) ಹಾಕಿದ್ದಾರೆ. ಮೇ ಎರಡನೇ ವಾರ ಅಣ್ಣನ ಮಗಳ ಮದುವೆ, ಮನೆ ಮುಂದಿನ ಬಯಲಲ್ಲೇ ಹಂದರ ಹಾಕುತ್ತಾರೆ. ಈ ಸಲ ಬಿಸಿಲು ಮಾಮೂಲಿಗಿಂತ ಜಾಸ್ತಿ ಅಂತ ಸುದ್ದಿಯಲ್ಲಿ ಹೇಳಿದ್ದಾರೆ. ಹಂಗಂದ್ರ ಮಳಿ ಇಲ್ಲ ಅಂತ ಧೈರ್ಯ ಮಾಡಬಹುದಾ? ಮೊಬೈಲಿನಲ್ಲಿ ನೋಡಿದರೆ ದಿನಕ್ಕೊಂದು ತೋರಿಸುತ್ತದೆ. ನಮ್ಮ ಮನೆಯವರು ದಿನಾ ಸಂಜೆ ಹಿಂಜವಡಿಯಿಂದ ಬೈಕಿನಲ್ಲಿ ಬರುತ್ತಾರೆ, ಸಿಡಿಲಿನ ಭಯ ಬೇರೆ.

ಉತ್ತರ: ಅಕ್ಕಾವರೇ, ನೇರವಾಗಿ ಹೇಳಿಬಿಡುತ್ತೇನೆ. ಆ ಧೈರ್ಯ ಮಾಡಬೇಡಿ. ಬಿಸಿಲು ಜಾಸ್ತಿ ಇರುವ ವರ್ಷ ಗುಡುಗು ಮಳೆ ಬರಲ್ಲ ಅಂತ ಯಾವ ಲೆಕ್ಕವೂ ಹೇಳುವುದಿಲ್ಲ. ನಮ್ಮ ಬಯಲು ಸೀಮೆಯಲ್ಲಿ ಎರಡೂ ಒಂದೇ ವಾರದಲ್ಲಿ ಬರುತ್ತವೆ. ಎಷ್ಟೋ ಸಲ ಒಂದೇ ದಿನ ಬರುತ್ತವೆ. ಮಧ್ಯಾಹ್ನ ಎರಡಕ್ಕೆ ನೆಲ ಕಾದ ಹಂಚಿನ ಹಾಗೆ ಇರುತ್ತದೆ, ಸಂಜೆ ಐದಕ್ಕೆ ಮನೆ ಮೇಲಿನ ಹಂಚು ಹಾರಿಹೋಗುವಂಥ ಗಾಳಿ ಬೀಸುತ್ತದೆ.

ನೀವು ಚಿಂಚವಡದವರು, 2023ರ ಏಪ್ರಿಲ್ ನಿಮಗೆ ನೆನಪಿರಬೇಕು. 16ನೇ ತಾರೀಕು ಭಾನುವಾರ ನವಿ ಮುಂಬೈನ ಖಾರ್ಘರ್‌ನಲ್ಲಿ ಬಯಲಲ್ಲಿ ನಡೆದ ದೊಡ್ಡ ಸಮಾರಂಭವೊಂದಕ್ಕೆ ಬಂದಿದ್ದವರಲ್ಲಿ 14 ಜನ ಬಿಸಿಲಿನ ಹೊಡೆತಕ್ಕೆ ತೀರಿಕೊಂಡರು. ಮರುದಿನ, 17ರ ಸಂಜೆ, ನಿಮ್ಮ ಮನೆಯಿಂದ ಅಷ್ಟೇನೂ ದೂರವಿಲ್ಲದ ಕಿವಳೆಯಲ್ಲಿ ಗಾಳಿಮಳೆಗೆ ಹೋರ್ಡಿಂಗ್ ಉರುಳಿ ಐದು ಜನ ಸತ್ತರು. ಗಾಳಿಯಿಂದ ತಪ್ಪಿಸಿಕೊಳ್ಳೋಣ ಅಂತ ಅದರ ಬುಡದಲ್ಲಿ ನಿಂತಿದ್ದವರು. ಘಟ್ಟದ ಕೆಳಗೆ ಒಂದು ದಿನ ಬಿಸಿಲು, ಘಟ್ಟದ ಮೇಲೆ ಮರುದಿನವೇ ಬಿರುಗಾಳಿ. ಇವು ಎರಡು ಬೇರೆ ಬೇರೆ ಬೇಸಿಗೆಯ ಕಥೆಗಳಲ್ಲ.

ಇನ್ನು ಸುದ್ದಿಯಲ್ಲಿ ಬಂದ ಆ ಮಾತು ಎಲ್ಲಿಂದ ಬಂತು ಅಂತ ನೋಡಿ. ಹವಾಮಾನ ಇಲಾಖೆ ಫೆಬ್ರವರಿ ಕೊನೆಗೆ ಮಾರ್ಚ್–ಮೇ ತಿಂಗಳ ಮುನ್ನೋಟ ಕೊಡುತ್ತದೆ, ಮಾರ್ಚ್ ಕೊನೆಗೆ ಏಪ್ರಿಲ್–ಜೂನ್‌ದು ಕೊಡುತ್ತದೆ. ಅದರಲ್ಲಿ ಇರುವುದು ಮುಖ್ಯವಾಗಿ ಮೂರು ಸಂಗತಿ: ಹಗಲಿನ ಉಷ್ಣಾಂಶ ಮಾಮೂಲಿಗಿಂತ ಜಾಸ್ತಿ ಇರುವ ಸಾಧ್ಯತೆ ಎಷ್ಟು, ರಾತ್ರಿಯದು ಎಷ್ಟು, ಬಿಸಿಗಾಳಿಯ ದಿನಗಳು ಮಾಮೂಲಿಗಿಂತ ಹೆಚ್ಚೋ ಕಡಿಮೆಯೋ. ಇದೆಲ್ಲ ಮೂರು ತಿಂಗಳ ಒಟ್ಟು ಲೆಕ್ಕ. ಮೇ ಎರಡನೇ ವಾರದ ಒಂದು ಸಂಜೆ ತಿಕೋಟಾದಲ್ಲಿ ಮೋಡ ಕಟ್ಟುತ್ತದೋ ಇಲ್ಲವೋ ಅನ್ನುವುದು ಅದರೊಳಗೆ ಇಲ್ಲವೇ ಇಲ್ಲ. ಇರಲು ಸಾಧ್ಯವೂ ಇಲ್ಲ. ಮೂರು ತಿಂಗಳ ಸರಾಸರಿ ಒಂದು ಡಿಗ್ರಿ ಜಾಸ್ತಿಯಾದರೂ ನಡುವೆ ಹತ್ತು ಸಂಜೆ ಗುಡುಗು ಬರಬಹುದು, ಆ ಹತ್ತು ಸಂಜೆ ಸರಾಸರಿಯಲ್ಲಿ ಕಾಣಿಸುವುದೇ ಇಲ್ಲ.

ಬಿಸಿಗಾಳಿ ಅನ್ನುವುದಕ್ಕೂ ಒಂದು ಅಳತೆ ಇದೆ, ಸುಮ್ನೆ ಶೆಕೆ ಜಾಸ್ತಿ ಆದರೆ ಆ ಹೆಸರು ಕೊಡುವುದಿಲ್ಲ. ಬಯಲು ಪ್ರದೇಶದಲ್ಲಿ ಹಗಲಿನ ಉಷ್ಣಾಂಶ 40 ಮುಟ್ಟಬೇಕು, ಜೊತೆಗೆ ಆ ದಿನದ ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿಯಾದರೂ ಮೇಲಿರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ಕರಾವಳಿಗೆ 37 ಸಾಕು, ಯಾಕೆಂದರೆ ಮುಂಬೈ, ಗೋವಾದ ಸೆಕೆಯಲ್ಲಿ ಬೆವರು ಆರುವುದಿಲ್ಲ. ಪುಣೆಯಲ್ಲಿ ಏಪ್ರಿಲ್ ಹಗಲಿನ ಸರಾಸರಿ 38ರ ಹತ್ತಿರ, ಸೋಲಾಪುರದಲ್ಲಿ 40ರ ಹತ್ತಿರ. ಅಂದರೆ ಸೋಲಾಪುರಕ್ಕೆ 40 ಅನ್ನುವುದು ಮಾಮೂಲಿ ದಿನ. ಟಿವಿಯಲ್ಲಿ ಕೆಂಪು ಬಣ್ಣದ ನಕ್ಷೆ ನೋಡಿ ಗಾಬರಿಯಾಗುವ ಮೊದಲು ಇದು ನೆನಪಿರಲಿ.

ಈಗ ಮಳೆಯ ವಿಷಯಕ್ಕೆ ಬರುತ್ತೇನೆ.

ಗುಡುಗಿನ ಮೋಡಕ್ಕೆ ಬಿಸಿಲು ಬೇಕು, ಆದರೆ ಬರೀ ಬಿಸಿಲು ಸಾಲದು, ಪಸೆ ಬೇಕು. ಒಣ ಕಟ್ಟಿಗೆ ಇದ್ದರೂ ಕಿಡಿ ಬೀಳದೆ ಒಲೆ ಹತ್ತುವುದಿಲ್ಲ, ಅಲ್ವಾ. ಹಾಗೆಯೇ 42 ಡಿಗ್ರಿ ಬಿಸಿಲಲ್ಲಿ ಗಾಳಿ ಎಲುಬಿನಷ್ಟು ಒಣಗಿದ್ದರೆ ಆಕಾಶದಲ್ಲಿ ಒಂದು ತುಣುಕು ಮೋಡವೂ ಏಳದು. ಅದೇ 37 ಡಿಗ್ರಿ ಇದ್ದು ಗಾಳಿಯಲ್ಲಿ ಪಸೆ ಇದ್ದರೆ ಮೂರು ಗಂಟೆಗೆ ಹೂಕೋಸಿನ ಥರ ಮೋಡ ಏಳುತ್ತದೆ, ಐದಕ್ಕೆ ಅದು 12–15 ಕಿಲೋಮೀಟರ್ ಎತ್ತರದ ಗೋಪುರ.

ಈ ಪಸೆ ನಮ್ಮ ಬಯಲಿಗೆ ಎರಡು ಬಾಗಿಲಿಂದ ಬರುತ್ತದೆ. ಒಂದು ಬಂಗಾಳ ಕೊಲ್ಲಿ ಕಡೆಯಿಂದ, ಆಂಧ್ರ–ತೆಲಂಗಾಣ ದಾಟಿ ಕಲಬುರಗಿ, ರಾಯಚೂರು, ವಿಜಯಪುರದ ಕಡೆ. ಇನ್ನೊಂದು ಅರಬ್ಬೀ ಸಮುದ್ರದಿಂದ, ಕೊಂಕಣ ದಾಟಿ ಘಟ್ಟ ಹತ್ತಿ. ಬೇಸಿಗೆಯಲ್ಲಿ ವಿದರ್ಭದ ಕಡೆಯಿಂದ ಮರಾಠವಾಡ, ಉತ್ತರ ಒಳನಾಡು, ದಕ್ಷಿಣ ಒಳನಾಡು ಹಾಯ್ದು ತಮಿಳುನಾಡಿನವರೆಗೆ ಒಂದು ಉದ್ದನೆಯ ಗೆರೆ ಆಗಾಗ ಬೀಳುತ್ತದೆ. ಅದರ ಒಂದು ಮಗ್ಗುಲಲ್ಲಿ ವಾಯವ್ಯದ ಒಣ ಬಿಸಿ ಗಾಳಿ, ಇನ್ನೊಂದು ಮಗ್ಗುಲಲ್ಲಿ ಆಗ್ನೇಯದ ಹಸಿ ಗಾಳಿ. ಇಲಾಖೆಯ ವರದಿಯಲ್ಲಿ ಇದನ್ನು ಟ್ರಫ್ ಅಂತ ಬರೆಯುತ್ತಾರೆ. ಓದುವವರು ಆ ಸಾಲು ದಾಟಿಸಿ ಮುಂದೆ ಹೋಗುತ್ತಾರೆ. ನಾನು ಮೊದಲು ಓದುವುದೇ ಆ ಸಾಲು. ಆ ಗೆರೆ ವಿಜಯಪುರ–ಸೋಲಾಪುರದ ಮೇಲೆ ಕೂತಿದೆ ಅಂದರೆ ಮುಂದಿನ ಎರಡು ಮೂರು ಸಂಜೆ ನಾನು ತಿಕೋಟಾದವರಿಗೆ ಫೋನ್ ಮಾಡಿ ಎಚ್ಚರ ಹೇಳುತ್ತೇನೆ. ಅದು ಪೂರ್ವಕ್ಕೆ ಸರಿದು ತೆಲಂಗಾಣದ ಮೇಲೆ ಹೋಯಿತು ಅಂದರೆ ಬಿಸಿಲೇ ಬಿಸಿಲು.

ಇದನ್ನು ನೀವೂ ಮನೆಯಲ್ಲೇ ನೋಡಬಹುದು. ಮೊಬೈಲಿನ ಹವಾಮಾನದಲ್ಲಿ ಡ್ಯೂ ಪಾಯಿಂಟ್ ಅಂತ ಒಂದು ಅಂಕಿ ಇರುತ್ತದೆ. ತೇವಾಂಶದ ಶೇಕಡಾ ಬಿಸಿಲಿನ ಜೊತೆ ಏರಿಳಿಯುತ್ತದೆ, ಬೆಳಗ್ಗೆ 70 ಇದ್ದದ್ದು ಮಧ್ಯಾಹ್ನ 20, ಅದನ್ನು ನೋಡಿ ಏನೂ ಗೊತ್ತಾಗದು. ಡ್ಯೂ ಪಾಯಿಂಟ್ ಹಾಗಲ್ಲ, ಗಾಳಿಯಲ್ಲಿ ನಿಜವಾಗಿ ಎಷ್ಟು ನೀರಿದೆ ಅನ್ನುವುದನ್ನು ಅದು ಹೇಳುತ್ತದೆ. ನಾನು ಇಟ್ಟುಕೊಂಡ ರೂಢಿ ಇದು: ಮಧ್ಯಾಹ್ನ ಹತ್ತಕ್ಕಿಂತ ಕೆಳಗಿದ್ದರೆ ಆ ಸಂಜೆ ನಿಶ್ಚಿಂತೆ, ಹದಿನಾರು ದಾಟಿದರೆ ಆಕಾಶದ ಮೇಲೆ ಕಣ್ಣು, ಇಪ್ಪತ್ತು ಮುಟ್ಟಿದರೆ ತಾಡಪತ್ರಿ ಕೈಗೆ. ಇದು ಶಾಸ್ತ್ರದ ಸೂತ್ರವೇನಲ್ಲ, ಆದರೆ ಪುಣೆಯಲ್ಲಿ ಇಷ್ಟು ವರ್ಷ ಮೋಡ ನೋಡಿ ಬಂದ ಅಂದಾಜು.

ಒಂದು ದಿನದ ಚಿತ್ರ ಹೇಳುತ್ತೇನೆ. ನಮ್ಮ ಮನೆ ಪಾಷಾಣದಲ್ಲಿ, ಮೂರನೇ ಮಹಡಿ, ಮೇಲೆ ತಾರಸಿ. ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಒಣಹಾಕಿದ ಬಟ್ಟೆ ತರಲು ಹೋದರೆ ಲುಂಗಿ ಹಪ್ಪಳದ ಹಾಗೆ ಗರಿಗರಿ. ಗಾಳಿ ಪಶ್ಚಿಮದಿಂದ, ಬಿಸಿ. ನಾಲ್ಕಕ್ಕೆ ಅದು ನಿಂತುಬಿಡುತ್ತದೆ. ಪಕ್ಕದ ಬೇವಿನ ಮರದ ಒಂದು ಎಲೆ ಅಲುಗುವುದಿಲ್ಲ, ಕುತ್ತಿಗೆಯ ಹಿಂದೆ ಬೆವರು ಹರಿಯಲು ಶುರುವಾಗುತ್ತದೆ. ಇದುವರೆಗೆ ಇಲ್ಲದ ಬೆವರು ಈಗ ಯಾಕೆ ಬಂತು ಅಂತ ಕೇಳಿಕೊಳ್ಳಿ, ಪಸೆ ಬಂದು ಮುಟ್ಟಿತು ಅಂತಲೇ ಅರ್ಥ. ಪೂರ್ವಕ್ಕೆ ತಿರುಗಿ ನೋಡಿದರೆ ಹಡಪಸರದ ಆಚೆ ಬಿಳಿ ಗೋಪುರ ನಿಂತಿರುತ್ತದೆ, ಅದರ ತಲೆ ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆಯಾಗಿ ಒಂದು ಬದಿಗೆ ಚಾಚಿಕೊಳ್ಳುತ್ತದೆ. ಮಳೆಗಾಲದ ಮಳೆ ಪಶ್ಚಿಮದಿಂದ ಬರುವುದು ನೋಡಿ ನೋಡಿ ಪುಣೆಯವರು ಸಿಂಹಗಡದ ಕಡೆಗೇ ನೋಡುತ್ತಾರೆ. ಬೇಸಿಗೆಯ ಮೋಡ ಹಾಗೆ ಒಂದೇ ದಾರಿ ಹಿಡಿಯುವುದಿಲ್ಲ, ಎಷ್ಟೋ ಸಲ ಬೆನ್ನ ಹಿಂದಿನಿಂದ ಬರುತ್ತದೆ. ಆಮೇಲೆ ಒಮ್ಮೆಲೇ ತಣ್ಣನೆ ಗಾಳಿ, ಧೂಳು, ಮಣ್ಣಿನ ವಾಸನೆ. ಹತ್ತು ನಿಮಿಷದಲ್ಲಿ ಎಂಟು ಹತ್ತು ಡಿಗ್ರಿ ಇಳಿದುಬಿಡುತ್ತದೆ. ಇಲ್ಲಿ ಮರಾಠಿಯವರು ಇದಕ್ಕೆ ವಳಿವಾಚಾ ಪಾವುಸ್ ಅನ್ನುತ್ತಾರೆ, ನಮ್ಮ ಕಡೆ ಅಡ್ಡಮಳೆ ಅನ್ನುತ್ತೇವೆ.

ಆ ತಣ್ಣನೆ ಗಾಳಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ನಿಮ್ಮ ಹಂದರಕ್ಕೂ ಅಣ್ಣನ ಶೆಡ್ಡಿಗೂ ಮಳೆಗಿಂತ ಅದೇ ದೊಡ್ಡ ಶತ್ರು. ಬಯಲು ಸೀಮೆಯಲ್ಲಿ ಮೋಡದ ಅಡಿ ತುಂಬ ಎತ್ತರದಲ್ಲಿ ಇರುತ್ತದೆ, ಕೆಳಗಿನ ಗಾಳಿ ಒಣ. ಮೋಡದಿಂದ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಅರ್ಧಕ್ಕರ್ಧ ಆವಿಯಾಗುತ್ತದೆ. ಹನಿ ಆರುವಾಗ ಸುತ್ತಲಿನ ಗಾಳಿ ತಣ್ಣಗಾಗುತ್ತದೆ, ಮಣ್ಣಿನ ಬಿಂದಿಗೆಯ ನೀರು ತಣ್ಣಗಾಗುವ ಲೆಕ್ಕವೇ. ತಣ್ಣಗಾದ ಗಾಳಿ ಭಾರ, ಅದು ಧೊಪ್ಪನೆ ಕೆಳಗೆ ಬೀಳುತ್ತದೆ, ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುತ್ತದೆ. ಆದ್ದರಿಂದ ನಮ್ಮಲ್ಲಿ ಎಷ್ಟೋ ಸಲ ನಾಲ್ಕು ಹನಿ ಮಳೆ, ನಲವತ್ತು ಮರ ನೆಲಕ್ಕೆ. ಮೋಡ ಹತ್ತು ಕಿಲೋಮೀಟರ್ ದೂರದಲ್ಲಿ ಇದ್ದರೂ ಈ ಗಾಳಿ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಪೆಟ್ರೋಲ್ ಪಂಪಿನ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತದ್ದು ಇಂಥದೇ ಧೂಳುಗಾಳಿಯ ಸಂಜೆ. ಮುಂಬೈಯಲ್ಲಿ ಏಪ್ರಿಲ್–ಮೇ ತಿಂಗಳ ಹೆಚ್ಚಿನ ದಿನ ಸಮುದ್ರದ ಗಾಳಿ ನೆಲವನ್ನು ಅಷ್ಟು ಕಾಯಲು ಬಿಡುವುದಿಲ್ಲ, ಅದಕ್ಕೇ ಅಲ್ಲಿ ಇಂಥದ್ದು ಅಪರೂಪ. ಅಪರೂಪ ಆದ್ದರಿಂದಲೇ ಜನ ತಯಾರಿರಲಿಲ್ಲ.

ಲೆಕ್ಕ ಕೇಳಿದರೆ, ಪುಣೆಯಲ್ಲಿ ಏಪ್ರಿಲ್‌ಗೆ ಸರಾಸರಿ 10 ಮಿಲಿಮೀಟರ್ ಹತ್ತಿರ ಮಳೆ, ಮೇಗೆ 30ರ ಹತ್ತಿರ. ದಿನಕ್ಕೆ ಎರಡೂವರೆ ಮಿಲಿಮೀಟರ್ ಬಂದರೆ ಮಾತ್ರ ಇಲಾಖೆ ಅದನ್ನು ಮಳೆಯ ದಿನ ಅನ್ನುತ್ತದೆ. ಹಾಗೆ ಎಣಿಸಿದರೆ ವಿಜಯಪುರದ ಕಡೆ ಮೇ ತಿಂಗಳಲ್ಲಿ ಎರಡು ಮೂರು ದಿನ. ಅಂದರೆ ಇವತ್ತಿನಿಂದ ನೋಡಿದರೆ ನಿಮ್ಮ ಮದುವೆಯ ದಿನ ಮಳೆ ಬೀಳುವ ಸಾಧ್ಯತೆ ಹತ್ತರಲ್ಲಿ ಒಂದು ಪಾಲು. ಬರೀ ಗಾಳಿ, ಗುಡುಗು, ಧೂಳು ಸೇರಿಸಿದರೆ ಅದಕ್ಕಿಂತ ಜಾಸ್ತಿ. ಈಗಲೇ ಇದಕ್ಕಿಂತ ನಿಖರವಾಗಿ ಯಾರಾದರೂ ತಾರೀಕು ಹಿಡಿದು ಹೇಳಿದರೆ ನಂಬಬೇಡಿ.

ನಮ್ಮ ಹಿರಿಯರ ಮಳೆ ನಕ್ಷತ್ರದ ಲೆಕ್ಕವೂ ಇದನ್ನೇ ಹೇಳುತ್ತದೆ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಏಪ್ರಿಲ್ ಕೊನೆಯಿಂದ ಮೇ 10–11ರವರೆಗೆ ಭರಣಿ, ಆಮೇಲೆ ಕೃತ್ತಿಕೆ, ಮೇ 25ರ ಹೊತ್ತಿಗೆ ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಅಣ್ಣನೂ ಹೇಳುತ್ತಿರಬೇಕು. ಭರಣಿ, ಕೃತ್ತಿಕೆಯಲ್ಲಿ ಅಡ್ಡಮಳೆ ಬರುವುದು ಮಾಮೂಲು ಅನ್ನುವುದು ನೂರಾರು ವರ್ಷ ಹೊಲದಲ್ಲಿ ನಿಂತು ನೋಡಿದವರ ಮಾತು, ನಿಮ್ಮ ಮದುವೆ ಬಿದ್ದಿರುವುದು ಆ ಎರಡರ ಸಂಧಿಯಲ್ಲಿ. ಇನ್ನೂ ಒಂದು: 2025ರಲ್ಲಿ ಮುಂಗಾರೇ ಮೇ 24ಕ್ಕೆ ಕೇರಳ ಮುಟ್ಟಿ 26ಕ್ಕೆ ಮುಂಬೈಗೆ ಬಂದುಬಿಟ್ಟಿತು. ಮುಂಬೈಗೆ ಮಾಮೂಲಿ ತಾರೀಕು ಜೂನ್ 11. ಆ ವರ್ಷ ಮೇ ಕೊನೆಗೆ ಮದುವೆ ಇಟ್ಟವರ ಪಾಡು ನೀವು ಕೇಳಿರುತ್ತೀರಿ.

ಮಣೂಕದ ವಿಷಯ ಈಗಲೇ ಮುಖ್ಯ, ಮದುವೆಗಿಂತ ಮೊದಲು ಅದು. ಕೆಲವು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ತಿಕೋಟಾ ಕಡೆ ಪರಿಚಯದವರೊಬ್ಬರ ಶೆಡ್ಡಿಗೆ ಹೋಗಿದ್ದೆ. ಹಿಂದಿನ ಸಂಜೆ ಇಪ್ಪತ್ತು ನಿಮಿಷ ಓರೆ ಮಳೆ ಹೊಡೆದಿತ್ತು. ಮೇಲೆ ತಗಡು ಇತ್ತು, ಮಳೆ ಬಂದದ್ದು ಬದಿಯಿಂದ. ಪಶ್ಚಿಮದ ಮಗ್ಗುಲಿನ ಬಲೆಗಳಲ್ಲಿ ಹನ್ನೆರಡು ದಿನ ಒಣಗಿದ ಕಾಯಿ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಬೆರಳಲ್ಲಿ ಬಿಡಿಸಿದರೆ ಸಿಪ್ಪೆ ಕಿತ್ತು ಬರುತ್ತಿತ್ತು. ಒಳಗಿನ ಸಾಲಿನವು ಹಸಿರು ಹೊನ್ನಿನ ಬಣ್ಣಕ್ಕೆ ಇದ್ದವು, ಹೊರಗಿನವು ಕಾಫಿ ಬೀಜದ ಬಣ್ಣಕ್ಕೆ ತಿರುಗಿದ್ದವು. ಆ ಮನೆಯ ಯಜಮಾನಿತಿ ಎರಡೂ ಬಗೆಯದನ್ನು ಅಂಗೈಯಲ್ಲಿ ಇಟ್ಟುಕೊಂಡು ತೋರಿಸಿದರು, ಏನೂ ಹೇಳಲಿಲ್ಲ. ತಾಸಗಾಂವ್, ಸಾಂಗ್ಲಿ ಪೇಟೆಯಲ್ಲಿ ಆ ಎರಡು ಬಣ್ಣಕ್ಕೆ ಬೆಲೆ ಬೇರೆ ಬೇರೆ ಅಂತ ನನಗೂ ಗೊತ್ತಿತ್ತು.

ಒಂದು ಕಿಲೋ ಮಣೂಕಕ್ಕೆ ನಾಲ್ಕು ಕಿಲೋ ದ್ರಾಕ್ಷಿ ಬೇಕು, ಬಲೆ ಮೇಲೆ ಹದಿನೈದು ಇಪ್ಪತ್ತು ದಿನ ಬೇಕು. ಇಷ್ಟು ದಿನ ಮಳೆ ಬರಲ್ಲ ಅಂತ ಬೇಸಿಗೆಯ ಯಾವ ಮುನ್ನೋಟವೂ ಭರವಸೆ ಕೊಡದು. ಆದ್ದರಿಂದ ಇಲ್ಲಿ ನಾನು ಎಲ್ಲರಿಗೂ ಹೇಳುವ ಒಂದು ಮಾತಿದೆ, ನನ್ನ ಮಟ್ಟಿಗೆ ಈ ಉತ್ತರದಲ್ಲಿ ಬೇರೆ ಏನು ಮರೆತರೂ ಇದು ನೆನಪಿರಲಿ. ಮಳೆ ಎಷ್ಟು ಶೇಕಡಾ ಅನ್ನುವುದು ಅರ್ಧ ಪ್ರಶ್ನೆ. ಬಂದರೆ ನನಗೆ ಆಗುವ ನಷ್ಟ ಎಷ್ಟು, ತಡೆಯಲು ಆಗುವ ಖರ್ಚು ಎಷ್ಟು ಅನ್ನುವುದು ಉಳಿದ ಅರ್ಧ. ಬದಿಯ ತಾಡಪತ್ರಿ ಇಳಿಸಿ ಕಟ್ಟಲು ನಾಲ್ಕು ಆಳಿಗೆ ಒಂದು ಗಂಟೆ ಕೆಲಸ, ಮರುದಿನ ಬೆಳಗ್ಗೆ ಎತ್ತಲು ಇನ್ನೊಂದು ಗಂಟೆ. ನೆನೆದರೆ ಹೋಗುವುದು ಇಡೀ ವರ್ಷದ ದುಡಿಮೆಯ ಒಂದು ಪಾಲು. ಹಾಗಿದ್ದಾಗ ಇಪ್ಪತ್ತು ಇಪ್ಪತ್ತೈದು ಶೇಕಡಾ ಸಾಧ್ಯತೆ ಅಂದರೂ ಇಳಿಸಲೇಬೇಕು. ನಾಲ್ಕು ಸಲ ಸುಮ್ನೆ ಇಳಿಸಿದಂತೆ ಆಗುತ್ತದೆ, ಐದನೇ ಸಲ ಕೈ ಹಿಡಿಯುತ್ತದೆ. ಹಗಲು ಪೂರ್ತಿ ಮುಚ್ಚಿಡಬೇಡಿ, ಗಾಳಿ ಆಡದಿದ್ದರೆ ಬೂಸು ಬರುತ್ತದೆ. ಅಡ್ಡಮಳೆ ಹೆಚ್ಚಾಗಿ ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರ ನಡುವೆ ಬರುತ್ತದೆ. ಆದ್ದರಿಂದ ಬೆಳಗ್ಗೆ ಎತ್ತಿ, ಎರಡೂವರೆಗೆ ಆಕಾಶ ನೋಡಿ ಇಳಿಸುವ ರೂಢಿ ಸಾಕು. ಒಣಗಿದ್ದನ್ನು ಬಲೆ ಮೇಲೆ ಒಂದು ದಿನವೂ ಹೆಚ್ಚಿಗೆ ಬಿಡಬೇಡಿ, ಉದುರಿಸಿ ಒಳಗೆ ಹಾಕಿ. ಕೃಷಿ ಸಲಹೆಗೆ ಮೇಘದೂತ್ ಆ್ಯಪ್ ಇದೆ, ಕನ್ನಡದಲ್ಲೂ ಬರುತ್ತದೆ, ಜಿಲ್ಲೆಯ ಸಲಹೆ ಪ್ರತಿ ಮಂಗಳವಾರ, ಶುಕ್ರವಾರ ಹೊಸದಾಗುತ್ತದೆ. ಅಣ್ಣನ ಫೋನಿಗೆ ಹಾಕಿಸಿ.

ಆಲಿಕಲ್ಲಿನ ಬಗ್ಗೆ ಚಿಕ್ಕದಾಗಿ. ಅದರ ಭಯ ಮೇಗಿಂತ ಮಾರ್ಚ್–ಏಪ್ರಿಲ್‌ನಲ್ಲಿ ಜಾಸ್ತಿ, ಆಗ ಮೇಲಿನ ಪದರದಲ್ಲಿ ಇನ್ನೂ ಚಳಿ ಉಳಿದಿರುತ್ತದೆ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರ, ಉತ್ತರ ಕರ್ನಾಟಕದಲ್ಲಿ ಬಿದ್ದ ಆಲಿಕಲ್ಲು ದ್ರಾಕ್ಷಿ, ದಾಳಿಂಬೆ, ಜೋಳ ಎಲ್ಲ ಹಾಳು ಮಾಡಿದ್ದು ಅಣ್ಣನಿಗೆ ಮರೆತಿರಲ್ಲ.

ಈಗ ಮದುವೆ. ಅಕ್ಕಿಕಾಳು ಹಾಕುವುದು ಮಧ್ಯಾಹ್ನ ಹನ್ನೆರಡೂವರೆ ಆಸುಪಾಸು ಇಟ್ಟಿರಬೇಕು, ನಮ್ಮ ಕಡೆ ಅದೇ ರೂಢಿ. ಆ ಹೊತ್ತಿಗೆ ಗುಡುಗಿನ ಭಯ ಕಡಿಮೆ, ಬಿಸಿಲಿನ ಭಯ ಜಾಸ್ತಿ. ಹಂದರದ ಮೇಲೆ ಬರೀ ಬಣ್ಣದ ಬಟ್ಟೆ ಹಾಕಿದರೆ ಅದರ ಕೆಳಗೆ ಒಲೆಯ ಬಾಯಿಯ ಹಾಗೆ ಇರುತ್ತದೆ. ಮೇಲೊಂದು ಪದರ ತೆಂಗಿನ ಗರಿ ಅಥವಾ ಜೋಳದ ಕಣಿಕೆ ಹಾಕಿಸಿ, ನಡುವೆ ಗಾಳಿ ಹೋಗಲು ಜಾಗ ಇರಲಿ. ವಯಸ್ಸಾದವರು, ಬಸುರಿಯರು, ಮಕ್ಕಳು ಕೂರುವ ಕಡೆ ಫ್ಯಾನು, ಮಜ್ಜಿಗೆ, ಕುಡಿಯುವ ನೀರು ಕೈಗೆ ಎಟುಕುವಂತೆ ಇರಲಿ. ಯಾರಾದರೂ ಬೆವರುವುದು ನಿಂತು, ಮೈ ಕಾದು, ಮಾತು ತಡವರಿಸಿದರೆ ದೃಷ್ಟಿ ತಾಗಿತು ಅಂತ ಕೂರಬೇಡಿ, ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಕುತ್ತಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಊಟ ಮೂರರೊಳಗೆ ಮುಗಿಯಲಿ. ಸಂಜೆಯ ಆರತಕ್ಷತೆ ಇದ್ದರೆ ಅದಕ್ಕೆ ಹಂದರ ನೆಚ್ಚಿಕೊಳ್ಳಬೇಡಿ, ಊರಿನ ಸಮುದಾಯ ಭವನವೋ ಗುಡಿಯ ಸಭಾಮಂಟಪವೋ ಈಗಲೇ ಮಾತಾಡಿ ಇಡಿ. ಯಾಕೆ ಅಂತ ಅಂಕಿಯಲ್ಲಿ ಹೇಳುತ್ತೇನೆ. ಗಂಟೆಗೆ 50 ಕಿಲೋಮೀಟರ್ ಗಾಳಿ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಹೆಚ್ಚೂಕಡಿಮೆ 11 ಕಿಲೋ ಭಾರದಷ್ಟು ಒತ್ತುತ್ತದೆ. ಮೂರು ಮೀಟರ್ ಎತ್ತರ, ಆರು ಮೀಟರ್ ಅಗಲದ ಒಂದು ಬದಿಯ ಪರದೆ ಅಂದರೆ 200 ಕಿಲೋ. ಗಾಳಿ 70ಕ್ಕೆ ಏರಿದರೆ ಅದು ಎರಡರಷ್ಟಾಗುತ್ತದೆ, ಯಾಕೆಂದರೆ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಒಂದು ಅಡಿ ಆಳಕ್ಕೆ ಹುಗಿದ ಬಿದಿರು ಇದನ್ನು ತಡೆಯದು. ಹಂದರ ಹಾಕುವವರಿಗೆ ಮೊದಲೇ ಹೇಳಿ: ಬದಿಯ ಪರದೆ ಒಂದೇ ಎಳೆತಕ್ಕೆ ಬಿಚ್ಚಿ ಬರಬೇಕು, ಗಾಳಿ ಎದ್ದ ಕೂಡಲೇ ಅದನ್ನು ಬಿಚ್ಚಿಬಿಡಬೇಕು. ಪರದೆ ಹೋದರೆ ಹೋಗಲಿ, ಗಾಳಿ ಹಾಯ್ದು ಹೋಗುತ್ತದೆ, ಕಂಬ ನಿಲ್ಲುತ್ತದೆ. ಪರದೆ ಬಿಗಿಯಾಗಿ ಕಟ್ಟಿದ್ದರೆ ಅದು ಹಡಗಿನ ಹಾಯಿ ಆಗಿ ಇಡೀ ಹಂದರ ಎತ್ತುತ್ತದೆ. ಅಡುಗೆಯ ಒಲೆ ಹಂದರದಿಂದ ದೂರ ಇರಲಿ. ಒಬ್ಬ ಹುಡುಗನಿಗೆ ಬೇರೆ ಯಾವ ಕೆಲಸವೂ ಕೊಡದೆ ಎರಡು ಗಂಟೆಯ ನಂತರ ಆಕಾಶ ಮತ್ತು ಫೋನು ನೋಡುವ ಕೆಲಸ ಕೊಡಿ. ಮದುವೆ ಮನೆಯಲ್ಲಿ ಎಲ್ಲರೂ ನೋಡುತ್ತಾರೆ ಅಂದರೆ ಯಾರೂ ನೋಡುವುದಿಲ್ಲ ಅಂತ ಅರ್ಥ.

ಫೋನಿನಲ್ಲಿ ದಿನಕ್ಕೊಂದು ತೋರಿಸುತ್ತದೆ ಅಂದಿರಿ. ಅದು ಫೋನಿನ ತಪ್ಪಲ್ಲ. ಒಂದು ಗುಡುಗಿನ ಮೋಡ ಐದು ಹತ್ತು ಕಿಲೋಮೀಟರ್ ಅಗಲ, ಆಯುಸ್ಸು ಅರ್ಧದಿಂದ ಒಂದು ಗಂಟೆ. ಏಳು ದಿನ ಮೊದಲು ಅದು ತಿಕೋಟಾದ ಮೇಲೋ ಜತ್ತದ ಮೇಲೋ ಅಂತ ಹೇಳಲು ಯಾವ ಕಂಪ್ಯೂಟರಿಗೂ ಆಗದು. ಹೇಳಲು ಆಗುವುದು ಹೀಗೆ: ಎರಡು ವಾರ ಮೊದಲು ಬಿಸಿಲು ಹೆಚ್ಚೋ ಕಡಿಮೆಯೋ ಅನ್ನುವ ಒಲವು, ಇದನ್ನು ಇಲಾಖೆ ಪ್ರತಿ ಗುರುವಾರ ಕೊಡುತ್ತದೆ. ನಾಲ್ಕೈದು ದಿನ ಮೊದಲು ಆ ಟ್ರಫ್ ಎಲ್ಲಿ, ಪಸೆ ಬರುತ್ತದೋ ಇಲ್ಲವೋ. ಹಿಂದಿನ ದಿನ ಯಾವ ಜಿಲ್ಲೆಗೆ ಹಳದಿ, ಯಾವುದಕ್ಕೆ ಕಿತ್ತಳೆ ಎಚ್ಚರಿಕೆ. ನಿಮ್ಮ ಊರು, ನಿಮ್ಮ ಓಣಿ ಅನ್ನುವುದು ಕೊನೆಯ ಮೂರು ಗಂಟೆಯಲ್ಲಿ ಮಾತ್ರ, ರಾಡಾರ್, ಉಪಗ್ರಹ ನೋಡಿ. ಇಲಾಖೆಯ ಮೌಸಮ್ ಆ್ಯಪಿನಲ್ಲಿ ಆ ಮೂರು ಗಂಟೆಯ ಎಚ್ಚರಿಕೆ ಬರುತ್ತದೆ.

ವರದಿಯ ಪದಗಳಿಗೂ ಅಳತೆ ಇದೆ. ಜಿಲ್ಲೆಯ ಅಲ್ಲಲ್ಲಿ ಒಂದೆರಡು ಕಡೆ ಅಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಕಡೆ. ಕೆಲವು ಕಡೆ ಅಂದರೆ ಕಾಲಿನಿಂದ ಅರ್ಧದವರೆಗೆ. ಹಲವು ಕಡೆ ಅಂದರೆ ಅರ್ಧದಿಂದ ಮುಕ್ಕಾಲು. ಬೇಸಿಗೆಯಲ್ಲಿ ಹೆಚ್ಚಾಗಿ ಬರುವುದು ಮೊದಲಿನ ಎರಡೇ. ಆದ್ದರಿಂದ ಒಂದೆರಡು ಕಡೆ ಅಂತ ಹೇಳಿದ ದಿನ ನಿಮ್ಮ ಊರಿಗೆ ಬರಲಿಲ್ಲ ಅಂದರೆ ಮುನ್ಸೂಚನೆ ಸುಳ್ಳಾಯಿತು ಅಂತಲ್ಲ, ಅದು ಪಕ್ಕದ ಹೋಬಳಿಯಲ್ಲಿ ಬಿದ್ದಿರುತ್ತದೆ.

ಕೊನೆಗೆ ಮನೆಯವರ ಬೈಕು. ಪುಣೆಯಲ್ಲಿ ಕೊಂಕಣದ ತೇವದ ಗಾಳಿ ಘಟ್ಟ ಹತ್ತಿ ಬರುವ ಹೊತ್ತು ಸಾಮಾನ್ಯವಾಗಿ ಸಂಜೆ. ಹಿಂಜವಡಿಯಲ್ಲಿ ಆಫೀಸು ಬಿಡುವ ಹೊತ್ತೂ ಅದೇ. ಆದ್ದರಿಂದ ಅವರಿಗೆ ಒಂದೇ ನಿಯಮ ಹೇಳಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು. ಮೂರು ಸೆಕೆಂಡ್ ಎಣಿಸಿದರೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿತು ಅಂದರೆ ಮೋಡ ಹತ್ತು ಕಿಲೋಮೀಟರ್ ಒಳಗಿದೆ, ಅಲ್ಲಿಂದ ಸಿಡಿಲು ನಿಮ್ಮ ತನಕ ಬರಬಹುದು. ಆಗ ಹೊರಡಬಾರದು. ದಾರಿಯಲ್ಲಿದ್ದರೆ ಬೈಕು ಬಿಟ್ಟು ಗಟ್ಟಿ ಕಟ್ಟಡದ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಾಯಬೇಕು. ಅರ್ಧ ಗಂಟೆ ಜಾಸ್ತಿ ಅನ್ನಿಸುತ್ತದೆ, ಆದರೆ ಮಳೆ ನಿಂತಿತು ಅಂತ ಹೊರಟವರಿಗೇ ಸಿಡಿಲು ಹೊಡೆದದ್ದು ಬಹಳ. ಮರದ ಕೆಳಗೆ ಬೇಡ, ಹೋರ್ಡಿಂಗ್ ಕೆಳಗೆ ಬೇಡ, ಬಯಲಿನ ತಗಡಿನ ಚಹಾ ಅಂಗಡಿ ಬೇಡ. ಕಾರಿನೊಳಗೆ ಗಾಜು ಏರಿಸಿ ಕೂತರೆ ಪರವಾಗಿಲ್ಲ.

ಇದೇ ಮಾತು ಅಣ್ಣನ ಶೆಡ್ಡಿಗೂ. ಗೋಡೆ ಇಲ್ಲದ ತಗಡಿನ ಶೆಡ್ಡು ಸಿಡಿಲಿಗೆ ಆಸರೆ ಅಲ್ಲ. ತಾಡಪತ್ರಿ ಇಳಿಸುವುದು ಗುಡುಗು ಕೇಳುವ ಮೊದಲು ಆಗಬೇಕು. ಗುಡುಗು ಕೇಳಿದ ಮೇಲೆ ಆಳುಗಳನ್ನು ಕಬ್ಬಿಣದ ಕಂಬ ಹಿಡಿಯಲು ಕಳಿಸಬೇಡಿ, ಮಾಲು ನೆನೆದರೂ ಚಿಂತೆಯಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡೂವರೆ ಸಾವಿರಕ್ಕಿಂತ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ, 2022ರಲ್ಲಿ 2,887. ಅವರಲ್ಲಿ ತುಂಬ ಜನ ಹೊಲದಲ್ಲಿ ಕೆಲಸ ಮಾಡುವವರು. ನಮ್ಮ ಪಾಷಾಣದಲ್ಲೇ ಇರುವ ಉಷ್ಣವಲಯ ಹವಾಮಾನ ಸಂಸ್ಥೆ ದಾಮಿನಿ ಅನ್ನುವ ಆ್ಯಪ್ ಮಾಡಿದೆ. ನೀವಿರುವ ಜಾಗದಿಂದ 20, 40 ಕಿಲೋಮೀಟರ್ ದೂರದವರೆಗೆ ಸುತ್ತಮುತ್ತಲಿನ ಸಿಡಿಲಿನ ಸೂಚನೆ ಕೊಡುತ್ತದೆ. ಅಣ್ಣ, ಮನೆಯವರು, ಮದುವೆಯ ದಿನ ಆಕಾಶ ನೋಡುವ ಆ ಹುಡುಗ, ಮೂವರ ಫೋನಿನಲ್ಲೂ ಇರಲಿ, ಲೊಕೇಶನ್ ಆನ್ ಇಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಸಿಡಿಲು ಹೊಡೆದವರನ್ನು ಮುಟ್ಟಿದರೆ ಕರೆಂಟು ಹೊಡೆಯುತ್ತದೆ ಅಂತ ಹಳ್ಳಿಯಲ್ಲಿ ಇನ್ನೂ ಹಿಂಜರಿಯುತ್ತಾರೆ. ಹೊಡೆಯುವುದಿಲ್ಲ. ಉಸಿರು, ನಾಡಿ ನಿಂತಿದ್ದರೆ ಆ ಕ್ಷಣವೇ ಎದೆ ಒತ್ತಲು ಶುರು ಮಾಡಬೇಕು, ಎಷ್ಟೋ ಜೀವ ಅಷ್ಟರಲ್ಲೇ ಉಳಿಯುತ್ತದೆ.

ಮದುವೆಯ ತಾರೀಕಿಗೆ ಐದು ದಿನ ಇರುವಾಗ ಒಮ್ಮೆ ಬರೆಯಿರಿ ಅಕ್ಕಾ. ಆ ಹೊತ್ತಿಗೆ ಟ್ರಫ್ ಎಲ್ಲಿ ಕೂತಿದೆ ಅಂತ ಗೊತ್ತಾಗಿರುತ್ತದೆ. ಹಂದರದ ಯಾವ ಮಗ್ಗುಲಿಗೆ ಮನೆಯ ಗೋಡೆ ಇದೆ, ಯಾವುದು ಪೂರ್ತಿ ಬಯಲು, ಹತ್ತಿರ ದೊಡ್ಡ ಮರ ಇದೆಯಾ ಅನ್ನುವುದನ್ನೂ ಅಣ್ಣನಿಗೆ ಕೇಳಿ ತಿಳಿಸಿ, ಪರದೆ ಯಾವ ಕಡೆಯದು ಮೊದಲು ಬಿಚ್ಚಬೇಕು ಅಂತ ಕೂತು ನೋಡೋಣ.